ಚಿಂತೆಯ ನೊಗ ಇಳಿಸೋಣ

ಸ್ಲೇಟಿನ ಮೇಲೆ ‘ಚಿತೆ’ ಎಂದು ಬರೆಯಿರಿ. ಈಗ ‘ಚಿ’ ಅಕ್ಷರದ ಮುಂದೆ ಒಂದು ಸೊನ್ನೆ ಇಡಿ. ಏನಾಯಿತು? ‘ಚಿಂತೆ’ ಆಯಿತು. ಎರಡಕ್ಕೂ ಒಂದೇ ಸೊನ್ನೆಯ ವ್ಯತ್ಯಾಸ. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಈ ಮಾತು ನಿಜವೇ? ಚಿಂತೆ ಇರುವುದು ಮನಸ್ಸಿನಲ್ಲಿ. ಅದು ಮೈಯನ್ನು ಹೇಗೆ ಸುಡುತ್ತದೆ? ಬನ್ನಿ, ತಿಳಿಯೋಣ.

ಯಾರಿಗಿಲ್ಲ ಚಿಂತೆ?

ನಮ್ಮ ಜತ್, ಅಕ್ಕಲಕೋಟೆ ಕಡೆ ಮಳೆ ಕಡಿಮೆ. ಜೋಳ ಬಿತ್ತಿದವರಿಗೆ ಮುಗಿಲಿನ ಚಿಂತೆ. ಕಬ್ಬು ಕಡಿಯಲು ಹೋಗುವವರಿಗೆ ಮುಕಾದಮನ ಹತ್ತಿರ ತಂದ ಮುಂಗಡದ ಚಿಂತೆ. ಸೋಲಾಪುರದಲ್ಲಿ ಬೀಡಿ ಕಟ್ಟುವ ಅಕ್ಕಂದಿರಿಗೆ ಸಾವಿರದ ಲೆಕ್ಕ ತುಂಬುವ ಚಿಂತೆ. ಮಗ್ಗದ ಕೆಲಸಗಾರರಿಗೆ ಕೆಲಸ ನಿಂತೀತೆಂಬ ಚಿಂತೆ. ಮಗಳ ಮದುವೆ, ಮಗನ ಕುಡಿತ, ಅತ್ತೆಯ ಕಾಯಿಲೆ ಬೇರೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಓದಲು ಬಾರದ ಕಾಗದ ಕೈಯಲ್ಲಿದ್ದರೆ ಅದೂ ಒಂದು ಚಿಂತೆಯೇ.

ಹಾಗಾಗಿ ಚಿಂತೆ ಬರುವುದು ತಪ್ಪಲ್ಲ. ಚಿಂತೆ ಬಂದವರು ಹೇಡಿಗಳೂ ಅಲ್ಲ, ತಲೆ ಕೆಟ್ಟವರೂ ಅಲ್ಲ. ಆದರೆ ಅದನ್ನು ದಿನಾಲೂ ಹೊತ್ತುಕೊಂಡೇ ಇದ್ದರೆ ಮೈಗೆ ತೊಂದರೆ ಆಗುತ್ತದೆ. ಹೀಗೆ ಮನಸ್ಸಿನ ಮೇಲೆ ಬೀಳುವ ಭಾರಕ್ಕೆ ‘ಒತ್ತಡ’ ಎನ್ನುತ್ತಾರೆ. ಕೆಲವರು ‘ಟೆನ್ಶನ್’ ಎನ್ನುತ್ತಾರೆ.

ಹಾವು ಕಂಡಾಗ ಏನಾಗುತ್ತದೆ?

ನೀವು ಹೊಲದಲ್ಲಿ ಕಳೆ ತೆಗೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪಕ್ಕದಲ್ಲೇ ಹಾವು ಹೆಡೆ ಎತ್ತಿತು. ನೀವು ಯೋಚನೆ ಮಾಡುತ್ತಾ ನಿಲ್ಲುವುದಿಲ್ಲ. ಹಾರಿ ಹಿಂದೆ ಸರಿಯುತ್ತೀರಿ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಬೆವರು ಇಳಿಯುತ್ತದೆ. ಉಸಿರು ಜೋರಾಗುತ್ತದೆ.

ಇದೆಲ್ಲ ಯಾಕೆ? ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಎರಡು ಚಿಕ್ಕ ಗ್ರಂಥಿಗಳಿವೆ. ಅಪಾಯ ಕಂಡ ಕೂಡಲೇ ಮಿದುಳು ಇವುಗಳಿಗೆ ಸುದ್ದಿ ಕಳಿಸುತ್ತದೆ. ಆಗ ಈ ಗ್ರಂಥಿಗಳು ರಕ್ತಕ್ಕೆ ಒಂದು ರಸ ಬಿಡುತ್ತವೆ. ಅದರ ಹೆಸರು ಅಡ್ರಿನಲಿನ್. ಅದು ಎದೆಬಡಿತ ಹೆಚ್ಚಿಸುತ್ತದೆ. ರಕ್ತದ ಒತ್ತಡ ಏರಿಸುತ್ತದೆ. ಕೈಕಾಲಿಗೆ ಹೆಚ್ಚು ರಕ್ತ ಕಳಿಸುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬರುತ್ತದೆ. ಓಡಲು, ಇಲ್ಲವೇ ಹೊಡೆದಾಡಲು ಮೈ ಸಿದ್ಧವಾಗುತ್ತದೆ. ಅಪಾಯದ ಹೊತ್ತಿನಲ್ಲಿ ಇದು ನಮ್ಮ ಜೀವ ಉಳಿಸುತ್ತದೆ.

ಹಾವು ಹೋಯಿತು. ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯಿತು. ನೀರು ಕುಡಿದಿರಿ. ಮೈ ಮೊದಲಿನಂತಾಯಿತು.

ಹೋಗದ ಹಾವು

ಈಗ ಸಾಲದ ಚಿಂತೆ ನೋಡಿ. ಅದು ಹಾವಿನಂತೆ ಹರಿದು ಹೋಗುವುದಿಲ್ಲ. ಉಣ್ಣುವಾಗಲೂ ಇರುತ್ತದೆ, ಮಲಗುವಾಗಲೂ ಇರುತ್ತದೆ. ಇದು ಹಾವಿನ ಭಯ, ಇದು ಸಾಲದ ಭಯ ಎಂದು ಮೈಗೆ ಗೊತ್ತಾಗುವುದಿಲ್ಲ. ಎರಡಕ್ಕೂ ಅದು ಹಾಗೆಯೇ ಸಿದ್ಧವಾಗುತ್ತದೆ. ಚಿಂತೆ ಬಹಳ ದಿನ ಉಳಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಹೆಚ್ಚು ಹೊತ್ತು ರಕ್ತದಲ್ಲಿ ಇರುತ್ತದೆ. ಅದರಿಂದ ನಿದ್ದೆ ಕೆಡುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ಎತ್ತನ್ನು ನೆನೆಯಿರಿ. ಹಗಲೆಲ್ಲ ನೊಗ ಹೊರುತ್ತದೆ. ಸಂಜೆ ನೊಗ ಇಳಿಸಿ, ಮೇವು ನೀರು ಕೊಟ್ಟರೆ ಮರುದಿನ ಮತ್ತೆ ದುಡಿಯುತ್ತದೆ. ರಾತ್ರಿಯೂ ನೊಗ ಇಳಿಸದಿದ್ದರೆ? ಹೆಗಲು ಹುಣ್ಣಾಗುತ್ತದೆ. ಎತ್ತು ಬೀಳುತ್ತದೆ. ನೊಗ ಹೊತ್ತದ್ದರಿಂದ ಎತ್ತು ಬೀಳಲಿಲ್ಲ, ನೊಗ ಇಳಿಸದೆ ಇದ್ದದ್ದರಿಂದ ಬಿತ್ತು. ಮನುಷ್ಯರದೂ ಹೀಗೆಯೇ.

ಮೈ ಕೊಡುವ ಸೂಚನೆ

“ಯಾಕೋ ತಲಿ ಭಾರ ಆಗ್ಯಾದ.” “ಕುತ್ತಿಗಿ ಹಿಡದದ.” “ನಿದ್ದಿನೇ ಬರಂಗಿಲ್ಲ.” “ಊಟ ಸೇರಂಗಿಲ್ಲ.” “ಸಣ್ಣ ಮಾತಿಗೂ ಸಿಟ್ಟು ಬರ್ತದ.” ಇಂಥ ಮಾತು ನಿಮ್ಮ ಮನೆಯಲ್ಲಿ ಕೇಳಿದ್ದೀರಾ? ಕೆಲವರಿಗೆ ಹೊಟ್ಟೆ ಕೆಡುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ದಿನ ಏರುಪೇರಾಗುತ್ತದೆ.

ಇವು ಚಿಂತೆಯಿಂದಲೂ ಬರಬಹುದು, ಬೇರೆ ರೋಗದಿಂದಲೂ ಬರಬಹುದು. ಆದ್ದರಿಂದ ಎಲ್ಲವನ್ನೂ ಟೆನ್ಶನ್ ಎಂದು ಬಿಡಬೇಡಿ. ಒಮ್ಮೆ ದವಾಖಾನೆಯಲ್ಲಿ ತೋರಿಸಿ. ಎದೆ ಹಿಂಡಿದ ಹಾಗೆ ನೋವು ಬಂದು, ನೋವು ಎಡಗೈಗೆ ಅಥವಾ ದವಡೆಗೆ ಹರಿದು, ಬೆವರು ಬಂದರೆ “ಗ್ಯಾಸ್ ಆಗ್ಯಾದ” ಎಂದು ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಬಿ.ಪಿ. ಎಂದರೇನು?

ರಕ್ತ ಹರಿಯುವಾಗ ನಾಳದ ಗೋಡೆಯನ್ನು ಒತ್ತುತ್ತದೆ. ಇದೇ ರಕ್ತದ ಒತ್ತಡ, ಬಿ.ಪಿ. ಅದನ್ನು ಎರಡು ಅಂಕಿಗಳಲ್ಲಿ ಬರೆಯುತ್ತಾರೆ. ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ. ಕೆಳಗಿನ ಅಂಕಿ ಹೃದಯ ಸಡಿಲ ಬಿಟ್ಟಾಗಿನ ಒತ್ತಡ. 120/80ರ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ರಕ್ತದೊತ್ತಡದ ಕಾಯಿಲೆ.

ಚಿಂತೆ ಒಂದೇ ಇದಕ್ಕೆ ಕಾರಣವಲ್ಲ. ವಯಸ್ಸು, ಮನೆತನ, ಹೆಚ್ಚು ಉಪ್ಪು, ಬೊಜ್ಜು, ಕುಡಿತ ಎಲ್ಲ ಸೇರುತ್ತವೆ. ಆದರೆ ಚಿಂತೆ ಹೆಚ್ಚಾದಾಗ ನಾವು ಸರಿಯಾಗಿ ನಿದ್ದೆ ಮಾಡುವುದಿಲ್ಲ, ಕುಡಿಯುತ್ತೇವೆ, ಗುಳಿಗೆ ಮರೆಯುತ್ತೇವೆ. ಆಗ ಬಿ.ಪಿ. ಇನ್ನೂ ಏರುತ್ತದೆ. ಈ ಕಾಯಿಲೆ ಬಹಳ ಸಲ ಯಾವ ನೋವನ್ನೂ ಕೊಡುವುದಿಲ್ಲ. ಒಳಗೊಳಗೇ ಇದ್ದು ಒಂದು ದಿನ ಲಕ್ವಾ ಹೊಡೆಸುತ್ತದೆ. ಅದಕ್ಕೇ 30 ವರ್ಷ ದಾಟಿದವರು ಉಪಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡಿಸಬೇಕು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಬಿ.ಪಿ. ನೋಡಿಸುವ ಮೊದಲು 5 ನಿಮಿಷ ಸುಮ್ಮನೆ ಕೂರಿ. ಅರ್ಧ ತಾಸಿನ ಮುಂಚೆಯಿಂದ ಚಹಾ, ತಂಬಾಕು ಬೇಡ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ಉಪ್ಪು, ಅಂದರೆ 5 ಗ್ರಾಂ, ಸಾಕು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು. ವೈದ್ಯರು ಗುಳಿಗೆ ಕೊಟ್ಟಿದ್ದರೆ, ಆರಾಮಾಯಿತು ಎಂದು ನೀವೇ ಬಿಡಬೇಡಿ.

ಹೊಟ್ಟೆಯ ಹುಣ್ಣು ಮತ್ತು ಚಿಂತೆ

ಚಿಂತೆಯಿಂದಲೇ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ಜನ ಹೇಳುತ್ತಾರೆ. ಮೊದಲು ಡಾಕ್ಟರರೂ ಹಾಗೇ ತಿಳಿದಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ಇಬ್ಬರು ವೈದ್ಯರು ಬೇರೆಯೇ ಕಾರಣ ತೋರಿಸಿದರು. ಹೊಟ್ಟೆಯಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಈ ಹುಣ್ಣಿಗೆ ದೊಡ್ಡ ಕಾರಣ ಎಂದರು. ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು ದೊಡ್ಡ ಕಾರಣ ನೋವಿನ ಗುಳಿಗೆ. ಮೈಕೈ ನೋವು ಎಂದು ಅಂಗಡಿಯಿಂದ ಗುಳಿಗೆ ತಂದು ದಿನಾಲೂ ನುಂಗುವವರಿಗೆ ಹುಣ್ಣು ಬರುತ್ತದೆ. ಚಿಂತೆ ಉರಿಯನ್ನು ಹೆಚ್ಚಿಸೀತು. ಆದರೆ ಹುಣ್ಣಿಗೆ ಔಷಧ ಇದೆ, ಗುಣವಾಗುತ್ತದೆ. “ಚಿಂತಿ ರೋಗ” ಎಂದು ಸಹಿಸಿಕೊಂಡು ಕೂರಬಾರದು.

ತಂಬಾಕಿನ ಮೋಸ

“ಎಲ್ಲಾ ಬಿಡ್ತೀನಿ, ಆದ್ರ ತಂಬಾಕು ಬಿಟ್ರ ಟೆನ್ಶನ್ ಆಗ್ತದ” ಎನ್ನುವವರಿದ್ದಾರೆ. ಬೀಡಿ, ಗುಟಕಾ, ಮಿಶ್ರಿ ಎಲ್ಲದರಲ್ಲೂ ನಿಕೋಟಿನ್ ಇದೆ. ಅದಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಸಿಗದಿದ್ದರೆ ಚಡಪಡಿಕೆ ಹುಟ್ಟುತ್ತದೆ. ಮತ್ತೆ ಹಾಕಿಕೊಂಡಾಗ ಆ ಚಡಪಡಿಕೆ ನಿಲ್ಲುತ್ತದೆ. ಅದನ್ನೇ ನಾವು ಸಮಾಧಾನ ಎಂದುಕೊಳ್ಳುತ್ತೇವೆ. ಬೆಂಕಿ ಹಚ್ಚಿದವನೇ ನೀರು ತಂದ ಹಾಗೆ ಇದು. ಹೆಂಡವೂ ಅಷ್ಟೇ. ಮೊದಲು ನಿದ್ದೆ ತರುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಬೆಳಿಗ್ಗೆ ಸಾಲ ಅಲ್ಲೇ ಇರುತ್ತದೆ, ಜೇಬು ಮಾತ್ರ ಖಾಲಿ.

ನೊಗ ಇಳಿಸುವ ದಾರಿಗಳು

1. ಉಸಿರು. ನೆಟ್ಟಗೆ ಕೂರಿ. ಮನಸ್ಸಿನಲ್ಲೇ 4 ಎಣಿಸುತ್ತಾ ಮೂಗಿನಿಂದ ಉಸಿರು ಎಳೆಯಿರಿ. 6 ಎಣಿಸುತ್ತಾ ನಿಧಾನ ಬಿಡಿ. ಹೀಗೆ 5 ನಿಮಿಷ ಮಾಡಿ. ಉಸಿರನ್ನು ಉದ್ದಕ್ಕೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಹಾವು ಹೋಯಿತು ಎಂಬ ಸುದ್ದಿ ಮೈಗೆ ಮುಟ್ಟುತ್ತದೆ. ಭಜನೆ ಹಾಡುವಾಗಲೂ ಉಸಿರು ಉದ್ದ ಬಿಡುತ್ತೇವೆ. ಹಾಡಿದ ಮೇಲೆ ಮನಸ್ಸು ಹಗುರ ಆಗುವುದಕ್ಕೆ ಇದೂ ಒಂದು ಕಾರಣ.

2. ಮಾತು. ಹಿಂದೆ ನಮ್ಮ ಅಜ್ಜಿಯಂದಿರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಜೋಳ ಬೀಸುತ್ತಾ ತವರಿನ ನೆನಪು, ಮನೆಯ ಸಂಕಟ ಎಲ್ಲ ಹಾಡಿಕೊಳ್ಳುತ್ತಿದ್ದರು. ಜೊತೆಗೆ ಕೂತವರು ದನಿಗೂಡಿಸುತ್ತಿದ್ದರು. ಹಿಟ್ಟಿನ ಗಿರಣಿ ಬಂತು. ರಟ್ಟೆಯ ನೋವು ತಪ್ಪಿತು, ಒಳ್ಳೆಯದಾಯಿತು. ಆದರೆ ದುಃಖ ಹೇಳಿಕೊಳ್ಳುವ ಜಾಗವೂ ಹೋಯಿತು. ಆ ಜಾಗ ನಾವೇ ಮಾಡಿಕೊಳ್ಳಬೇಕು. ಬಚತ್ ಗಟದ ಸಭೆ ಮುಗಿದ ಮೇಲೆ ಅರ್ಧ ತಾಸು ಕೂತು ಮಾತಾಡಿ. ಗಂಡಸರೂ ಕಟ್ಟೆಯ ಮೇಲೆ ಬರೀ ರಾಜಕೀಯ ಮಾತಾಡದೆ ಒಬ್ಬರಿಗೊಬ್ಬರು “ಹೆಂಗದೀಪಾ?” ಎಂದು ಕೇಳಿ. ಕೇಳಿದ ಮೇಲೆ ಉತ್ತರ ಕೇಳುವ ತನಕ ಕೂರಿ.

3. ಬರಹ. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ತಲೆಯಲ್ಲಿರುವ ಸಾಲ ರಾತ್ರಿಯಾದಂತೆ ಬೆಳೆಯುತ್ತದೆ. ಕಾಗದದ ಮೇಲಿನ ಸಾಲ ಎಷ್ಟಿದೆಯೋ ಅಷ್ಟೇ ಇರುತ್ತದೆ. ಒಂದು ವಹಿ ಮಾಡಿ. ಅದರಲ್ಲಿ ನಾಲ್ಕು ಗೆರೆ ಎಳೆಯಿರಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವಾಗ ಕೊಡಬೇಕು ಎಂದು ಬರೆಯಿರಿ.

ಒಂದು ಲೆಕ್ಕ ನೋಡಿ. 10,000 ರೂಪಾಯಿ ಸಾಲ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ಕೇಳಲು ಕಡಿಮೆ ಅನ್ನಿಸುತ್ತದೆ. ತಿಂಗಳಿಗೆ 500 ರೂಪಾಯಿ ಆಯಿತು. ವರ್ಷಕ್ಕೆ 6,000 ರೂಪಾಯಿ ಆಯಿತು. ಅಸಲು ಹಾಗೇ ಉಳಿಯಿತು! ಬರೆದು ನೋಡಿದಾಗ ಯಾವ ಸಾಲ ಮೊದಲು ತೀರಿಸಬೇಕು ಎಂದು ಗೊತ್ತಾಗುತ್ತದೆ. ಬಚತ್ ಗಟದಿಂದ ಅಥವಾ ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ತಂದು ದುಬಾರಿ ಸಾಲ ತೀರಿಸಬಹುದೇ ಎಂದು ಕೇಳಿ ನೋಡಿ. ಮಹಾರಾಷ್ಟ್ರದಲ್ಲಿ 2014ರಿಂದ ಸಾವಕಾರಿಯ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ.

4. ನಡಿಗೆ ಮತ್ತು ನಿದ್ದೆ. ಇಡೀ ದಿನ ಕೂತು ಬೀಡಿ ಕಟ್ಟುವವರು ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕುತ್ತಿಗೆ, ಹೆಗಲು ಸಡಿಲಿಸಿ. ರಾತ್ರಿ ಒಂದೇ ಹೊತ್ತಿಗೆ ಮಲಗಿ. ಸಂಜೆಯ ಮೇಲೆ ಚಹಾ ಬೇಡ. ಮಲಗುವಾಗ ಮೊಬೈಲ್ ದೂರ ಇಡಿ. ಹೆಣ್ಣುಮಕ್ಕಳು ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುತ್ತಾರೆ. ಅವರ ನಿದ್ದೆ ಉಳಿಯಬೇಕಾದರೆ ಮನೆಯ ಕೆಲಸ ಎಲ್ಲರೂ ಹಂಚಿಕೊಳ್ಳಬೇಕು. ಇದು ಉಪಕಾರವಲ್ಲ, ಔಷಧ.

ನಾವೇ ಇಳಿಸಲಾಗದ ಭಾರ

ಇಷ್ಟು ಮಾಡಿದರೂ ಎರಡು ವಾರಕ್ಕಿಂತ ಹೆಚ್ಚು ದಿನ ದುಃಖ ಹೋಗದಿದ್ದರೆ, ನಿದ್ದೆ ಊಟ ಬಿಟ್ಟು ಹೋದರೆ, ಕೆಲಸಕ್ಕೆ ಮನಸ್ಸೇ ಬಾರದಿದ್ದರೆ ಅದು ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ದೇವರಿಗೆ ನಡೆದುಕೊಂಡರೆ ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಹೋಗಿ ಬನ್ನಿ. ಆದರೆ ದವಾಖಾನೆಯನ್ನು ಬಿಡಬೇಡಿ. ನಿಮ್ಮ ಆಶಾತಾಯಿಯನ್ನು ಕೇಳಿ, ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಇನ್ನೊಂದು ಸಹಾಯ ಫೋನಿನಲ್ಲೇ ಇದೆ. ಸಂಖ್ಯೆ 14416. ಇದರ ಹೆಸರು ಟೆಲಿ ಮಾನಸ್. ಸರ್ಕಾರ ಇದನ್ನು 2022ರಲ್ಲಿ ಶುರು ಮಾಡಿತು. ದುಡ್ಡಿಲ್ಲ. ಹಗಲು ರಾತ್ರಿ ಯಾವಾಗಲೂ ಮಾಡಬಹುದು. ಭಾಷೆ ಆರಿಸಿಕೊಳ್ಳಲು ಬರುತ್ತದೆ, ಅದರಲ್ಲಿ ಕನ್ನಡವೂ ಇದೆ. ಮನಸ್ಸಿನ ನೋವನ್ನು ಮನೆಮಾತಿನಲ್ಲಿ ಹೇಳಿಕೊಳ್ಳುವುದು ಸುಲಭ, ಅಲ್ಲವೇ?

ಯಾರಾದರೂ “ಇನ್ನ ಬದುಕೂದೇ ಬ್ಯಾಡ” ಎಂದರೆ ನಗಬೇಡಿ, ಬೈಯಬೇಡಿ. ಅವರ ಪಕ್ಕ ಕೂತು ಕೇಳಿ. ಒಬ್ಬರನ್ನೇ ಬಿಡಬೇಡಿ. ಎಣ್ಣೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಬೀಗದೊಳಗೆ ಇಡಿ, ಇಲ್ಲವೇ ಬೇರೆ ಕಡೆ ಸಾಗಿಸಿ. ಆ ಒಂದು ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಬದುಕುತ್ತಾರೆ. ಯಾರಾದರೂ ಔಷಧ ಕುಡಿದಿದ್ದರೆ ಪೊಲೀಸ್ ಕೇಸಿಗೆ ಹೆದರಿ ತಡ ಮಾಡಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿ ಜೊತೆಗೆ ತೆಗೆದುಕೊಂಡು ಕೂಡಲೇ ದವಾಖಾನೆಗೆ ಓಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಸಾಮಾನ್ಯವಾಗಿ ತಿಳಿಯಬೇಕು, ಶಿಕ್ಷೆ ಕೊಡಬಾರದು. ಅವರಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ.

ಚಿಂತೆಯನ್ನು ಪೂರ್ತಿ ಅಳಿಸಲು ಯಾರಿಂದಲೂ ಆಗದು. ಆದರೆ ಸಂಜೆ ಹೊತ್ತಿಗೆ ನೊಗ ಇಳಿಸಲು ಎಲ್ಲರಿಗೂ ಬರುತ್ತದೆ. ಇವತ್ತಿನಿಂದಲೇ ಶುರು ಮಾಡಿ.

ಚರ್ಚಿಸಿ, ಬರೆಯಿರಿ

1. ಹಾವು ಕಂಡಾಗ ನಮ್ಮ ಮೈಯಲ್ಲಿ ಏನೇನಾಗುತ್ತದೆ?
2. ನಿಮ್ಮ ಬಿ.ಪಿ. ಎಷ್ಟಿದೆ? ನೋಡಿಸಿ, ದಿನಾಂಕ ಹಾಕಿ ವಹಿಯಲ್ಲಿ ಬರೆಯಿರಿ.
3. ನಿಮ್ಮ ಮನೆಯ ಸಾಲದ ಲೆಕ್ಕ ನಾಲ್ಕು ಗೆರೆಗಳಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.
4. 108 ಮತ್ತು 14416, ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.