ಮರದರಿಶಿನ ಮತ್ತು ಕಣ್ಣು

ಕಳೆದ ಸುಗ್ಗಿಯಲ್ಲಿ ಗುಡ್ನಾಪುರದ ಕಡೆಯ ರೈತರೊಬ್ಬರು ಕೆಂಪೇರಿದ ಕಣ್ಣಿನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಭತ್ತ ಬಡಿಯುವಾಗ ಹೊಟ್ಟು ಸಿಡಿದು ಮೂರು ದಿನಗಳಾಗಿದ್ದವು. ಆ ಮೂರು ದಿನವೂ ಮರದರಿಶಿನದ ತುಂಡನ್ನು ಕಲ್ಲಿನ ಮೇಲೆ ತೇಯ್ದು ಕಣ್ಣಿಗೆ ಬಿಟ್ಟುಕೊಂಡಿದ್ದರು. “ಅಜ್ಜನ ಕಾಲದ ಔಷಧ ಡಾಕ್ಟ್ರೇ, ಆಯುರ್ವೇದವೇ ಅಲ್ವಾ?” ಎಂದರು. ಮರದರಿಶಿನ ಕಣ್ಣಿಗೆ ಹಿತವೆಂದು ನಾವೇ ಹಲವು ಬಾರಿ ಹೇಳಿದ್ದುಂಟು. ಯಾವಾಗ, ಹೇಗೆ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ.

ಗ್ರಂಥಗಳ ದಾರುಹರಿದ್ರಾ ಹಿಮಾಲಯದ ಒಂದು ಮುಳ್ಳುಪೊದೆ. ದಕ್ಷಿಣದಲ್ಲಿ ಅದರ ಬದಲಿಗೆ ನಮ್ಮ ಘಟ್ಟದ ಕಾಡುಬಳ್ಳಿಯಾದ ಮರದರಿಶಿನವನ್ನು ಬಳಸುತ್ತಾರೆ. ಬೆಳೆಯಲು ವರ್ಷಗಟ್ಟಲೆ ಬೇಕಾದ ಈ ಬಳ್ಳಿ ಕಡಿತದಿಂದ ಈಗ ಅಪರೂಪವಾಗಿದೆ. ಎರಡರಲ್ಲಿಯೂ ಇರುವ ಹಳದಿ ರಾಸಾಯನಿಕ ಬರ್ಬೆರಿನ್. ಅಡುಗೆ ಅರಿಶಿನದ ಕರ್ಕ್ಯುಮಿನ್ ಬೇರೆಯೇ ವಸ್ತು. ದಾರುಹರಿದ್ರೆಯ ಕಷಾಯವನ್ನು ಹಾಲಿನೊಡನೆ ಗಟ್ಟಿಯಾಗುವಂತೆ ಕಾಯಿಸಿದರೆ ರಸಾಂಜನ. ಅದನ್ನೂ ಚರಕಾಚಾರ್ಯರು ಐದು ಅಥವಾ ಎಂಟು ರಾತ್ರಿಗೊಮ್ಮೆ, ಕಣ್ಣಿನ ದೋಷ ಸ್ರವಿಸಿ ಹೋಗಲೆಂದು ಹೇಳಿದ್ದಾರೆಯೇ ಹೊರತು ದಿನಕ್ಕೆ ನಾಲ್ಕು ಬಾರಿ ಅಲ್ಲ.

ಟ್ರಕೋಮಾ, ಅಂದರೆ ನಮ್ಮ ಶಾಸ್ತ್ರದ ಪೋಥಕಿಗೆ ಹತ್ತಿರವಾದ ರೋಗ, ರೆಪ್ಪೆಯ ಒಳಪದರವನ್ನು ಹಿಡಿಯುವ ಸೋಂಕು. ಇದರ ಮೇಲೆ ಬರ್ಬೆರಿನ್ ಹನಿಗಳನ್ನು ಭಾರತದಲ್ಲೇ ಪರೀಕ್ಷಿಸಿ 1982ರಲ್ಲಿ ವರದಿಗಳು ಪ್ರಕಟವಾದವು. ಶೇಕಡಾ 0.2ರ ಬರ್ಬೆರಿನ್ ಹನಿಯನ್ನು ಆಗ ಬಳಕೆಯಲ್ಲಿದ್ದ ಶೇಕಡಾ 20ರ ಸಲ್ಫಾಸೆಟಮೈಡ್‌ನೊಡನೆ ಹೋಲಿಸಿದ್ದರು, ಫಲಿತಾಂಶ ಆಶಾದಾಯಕವಾಗಿತ್ತು. ಮುಂದೆ ಅಜಿತ್ರೊಮೈಸಿನ್ ಮುಖ್ಯ ಔಷಧವಾಯಿತು. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸಿತು.

ಶೇಕಡಾ 0.2 ಎಂದರೆ ಒಂದು ಮಿಲಿಲೀಟರಿನಲ್ಲಿ ಎರಡು ಮಿಲಿಗ್ರಾಂ. ಅದು ಶುದ್ಧೀಕರಿಸಿದ, ಅಳೆದ, ಕ್ರಿಮಿರಹಿತ ದ್ರವ. ತೇಯ್ದ ಬಳ್ಳಿಯಲ್ಲಿ ಬರ್ಬೆರಿನ್ ಎಷ್ಟಿದೆಯೆಂದು ಯಾರೂ ಅಳೆದಿಲ್ಲ. ಜೊತೆಗೆ ಕಲ್ಲಿನ ಕಣ, ಮಣ್ಣು, ಶಿಲೀಂಧ್ರದ ಬೀಜಕಗಳೂ ಕಣ್ಣಿಗಿಳಿಯುತ್ತವೆ. ಹೊಟ್ಟು, ಹುಲ್ಲು, ಕಬ್ಬಿನ ಗರಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಗೀರಿದಾಗ ಶಿಲೀಂಧ್ರ ಅಲ್ಲಿ ಸುಲಭವಾಗಿ ನೆಲೆಯೂರಿ ಹುಣ್ಣಾಗುತ್ತದೆ. ಅಂಥ ಕಣ್ಣಿಗೆ ಎದೆಹಾಲು, ಜೇನು, ಸೊಪ್ಪಿನ ರಸ ಯಾವುದೂ ಬೇಡ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಹನಿಯಂತೂ ಹುಣ್ಣನ್ನು ಆಳಕ್ಕಿಳಿಸುತ್ತದೆ. ಶುದ್ಧ ನೀರಿನಿಂದ ಕಣ್ಣು ತೊಳೆದು, ಉಜ್ಜದೆ, ಅಂದೇ ನೇತ್ರತಜ್ಞರಲ್ಲಿಗೆ ಹೋಗಬೇಕು.

ಆ ರೈತರನ್ನು ನಾವು ಅಂದೇ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದೆವು. ಶಿಲೀಂಧ್ರನಾಶಕ ಹನಿಗಳಿಂದ ವಾರಗಟ್ಟಲೆ ಚಿಕಿತ್ಸೆಯಾಗಿ ಹುಣ್ಣು ಮಾಯಿತು. ಬಿಳಿಯ ಕಲೆ ಉಳಿದಿದೆ. ಆ ಕಣ್ಣಿಗೆ ಎದುರಿನವರ ಮುಖ ಈಗಲೂ ಮಬ್ಬು.