ತಲೆಮಾರು ದಾಟದ ಗುರುತು

ವಿಜಯನಗರದ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಸೂಚನೆ ಅಂಟಿಸಿರುತ್ತಾರೆ. ಸೂಚನೆ ಸರಿಯಾದದ್ದೇ. ಅದರ ಬೆನ್ನಿಗೇ ಇನ್ನೊಂದು ಭಯವೂ ಬೆಳೆದಿದೆ: ಮದುವೆಗೆ ಮುಂಚೆ ಮಾಡಿಸಿದ ಸಿಟಿ ಸ್ಕ್ಯಾನ್, ಕ್ಯಾನ್ಸರಿಗೆ ಪಡೆದ ರೇಡಿಯೇಷನ್ ಮುಂದೆ ಹುಟ್ಟುವ ಮಕ್ಕಳನ್ನೂ ಕಾಡುತ್ತದೆ ಎಂಬ ಭಯ. ‘ಎಪಿಜೆನೆಟಿಕ್ಸ್’ ಎಂಬ ಮಾತು ಬಳಕೆಗೆ ಬಂದ ಮೇಲಂತೂ ಈ ಭಯಕ್ಕೆ ವಿಜ್ಞಾನದ ಮುದ್ರೆಯೇ ಬಿದ್ದಂತಾಗಿದೆ. ವಿಕಿರಣ ತಾಗಿದ ಜೀವಕೋಶದಲ್ಲಿ, ಗರ್ಭದಲ್ಲಿರುವ ಭ್ರೂಣದಲ್ಲಿ ಎಪಿಜೆನೆಟಿಕ್ ಪರಿಣಾಮ ಆಗಬಲ್ಲದು. ಮನುಷ್ಯರಲ್ಲಿ ಅದು ತಲೆಮಾರು ದಾಟುತ್ತದೆ ಎನ್ನಲು ಮಾತ್ರ ಆಧಾರ ಸಾಲದು.

ಡಿಎನ್‌ಎಯ ಅಕ್ಷರಗಳು ಹಾಗೇ ಇದ್ದರೂ ಅವುಗಳಿಗೆ ಅಂಟಿಕೊಳ್ಳುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಪ್ರಭಾವಿಸುತ್ತವೆ. ವಿಕಿರಣ ಈ ಎಪಿಜೆನೆಟಿಕ್ ಗುರುತುಗಳನ್ನು ಏರುಪೇರು ಮಾಡಬಲ್ಲದು. 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಗರ್ಭ ಧರಿಸಿದ ಇಲಿಗಳಿಗೆ ಸ್ಕ್ಯಾನಿನಷ್ಟೇ ಕಡಿಮೆ ಪ್ರಮಾಣದ ಎಕ್ಸ್‌ರೇ ಕೊಟ್ಟರು. ಮರಿಗಳಲ್ಲಿ ಮಿಥೈಲ್ ಗುರುತು ಹೆಚ್ಚಿತು, ತುಪ್ಪಳದ ಬಣ್ಣವೂ ಹಳದಿಯಿಂದ ಕಂದಿನ ಕಡೆಗೆ ಸರಿಯಿತು. ಬಾಗಿಲ ಮೇಲಿನ ಸೂಚನೆಯನ್ನು ಹಗುರವಾಗಿ ಕಾಣಬಾರದು ಎನ್ನಲು ಇಷ್ಟು ಸಾಕು. ಆದರೆ ಆ ಮರಿಗಳು ಆಗಲೇ ಗರ್ಭದಲ್ಲಿದ್ದವು, ವಿಕಿರಣ ನೇರವಾಗಿ ಅವುಗಳಿಗೇ ತಗುಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಗರ್ಭ ನಿಲ್ಲುವ ಮುಂಚಿನ ಕಥೆ ಬೇರೆ. ಅಂಡಾಣು, ವೀರ್ಯಾಣುಗಳ ಮೂಲಕೋಶಗಳು ರೂಪುಗೊಳ್ಳುವಾಗ ಒಮ್ಮೆ, ಗರ್ಭ ಕಟ್ಟಿದ ಮೇಲೆ ಇನ್ನೊಮ್ಮೆ ಈ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಜನರ ನಡುವಿನ ಪುರಾವೆಯೂ ಇದಕ್ಕೆ ಹೊಂದುತ್ತದೆ. ನಮ್ಮದೇ ಕರಾವಳಿಯ ಉಳ್ಳಾಲದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ, ಅಲ್ಲಿ ಸಹಜ ವಿಕಿರಣ ಹೆಚ್ಚೆಂದು 1993ರಲ್ಲೇ ವರದಿಯಾಗಿತ್ತು. ಅದೇ ಖನಿಜ ಇನ್ನೂ ಹೇರಳವಾಗಿರುವ ಕೇರಳ ಕರಾವಳಿಯಲ್ಲಿ ಜನ ತಲೆತಲಾಂತರದಿಂದ ಬಾಳುತ್ತಿದ್ದಾರೆ. ಆ ಭಾಗದ ಆಸ್ಪತ್ರೆಗಳಲ್ಲಿ 1995ರಿಂದ ಹುಟ್ಟಿದ 1,41,540 ಶಿಶುಗಳನ್ನು ಪರಿಶೀಲಿಸಿದಾಗ ವಿಕಿರಣ ಹೆಚ್ಚಿರುವ ಕಡೆ ಜನ್ಮಜಾತ ದೋಷ ಹೆಚ್ಚಿರಲಿಲ್ಲ.

ಎಪಿಜೆನೆಟಿಕ್ ಬದಲಾವಣೆ ಸೂಕ್ಷ್ಮವಾದದ್ದು, ಹುಟ್ಟಿದ ದಿನ ಕಣ್ಣಿಗೆ ಬೀಳುವುದಿಲ್ಲ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಹಿರೋಷಿಮಾ, ನಾಗಾಸಾಕಿಯ ಅಣುಬಾಂಬ್ ಸಂತ್ರಸ್ತರಿಗೆ ಆಮೇಲೆ ಹುಟ್ಟಿದ ಸುಮಾರು 77,000 ಮಕ್ಕಳ ಅಧ್ಯಯನಕ್ಕೆ ಹೆಚ್ಚಿನ ತೂಕ. ಅವರು ನಡುವಯಸ್ಸು ಮುಟ್ಟುವವರೆಗೂ ಹಿಂಬಾಲಿಸಿದ ಸಂಶೋಧಕರಿಗೆ, ಹೆತ್ತವರಿಗೆ ತಗುಲಿದ ವಿಕಿರಣದಿಂದ ಮಕ್ಕಳಲ್ಲಿ ಕ್ಯಾನ್ಸರ್ ಸಾವು ಏರಿದ್ದು ಕಾಣಲಿಲ್ಲ. ಗಂಡು ಇಲಿಗೆ ವಿಕಿರಣ ಕೊಟ್ಟಾಗ ಮರಿಗಳ ಡಿಎನ್‌ಎ ಅಸ್ಥಿರವಾದ ಪ್ರಯೋಗಗಳಿವೆ, ನಿಜ. ಅಲ್ಲಿ ಒಂದೇ ಸಲಕ್ಕೆ ಕೊಟ್ಟದ್ದು ವಿಕಿರಣದ ಅಳತೆಯಲ್ಲಿ ಒಂದೆರಡು ಗ್ರೇ. ಒಂದು ಗ್ರೇ ಎಂದರೆ ಎದೆಯ ಎಕ್ಸ್‌ರೇಯ ಸುಮಾರು ಹತ್ತು ಸಾವಿರ ಪಟ್ಟು.

ಅಷ್ಟು ಪ್ರಮಾಣ ಮನುಷ್ಯನ ಮೈಗೆ ಬೀಳುವುದು ಮುಖ್ಯವಾಗಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಗುಣವಾಗಿ ಮನೆಗೆ ಮರಳಿದ ಹುಡುಗ ಹುಡುಗಿಯರ ಮದುವೆಯ ಮಾತು ಬಂದಾಗ ಈ ಭಯ ಕ್ರೂರವಾಗುತ್ತದೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರ ಮಕ್ಕಳಲ್ಲಿ ಜನ್ಮಜಾತ ದೋಷ ಹೆಚ್ಚಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಗರ್ಭಕೋಶಕ್ಕೆ ವಿಕಿರಣ ತಗುಲಿದ ಹೆಣ್ಣುಮಕ್ಕಳಿಗೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಉಂಟು, ಆದರೆ ಅದು ಅಂಗಕ್ಕಾದ ಪೆಟ್ಟು, ವಂಶಕ್ಕಲ್ಲ. ಚಿಕಿತ್ಸೆಯಿಂದ ಮಕ್ಕಳಾಗುವ ಶಕ್ತಿಯೇ ಕುಂದಬಹುದು. ಆದ್ದರಿಂದ ರೇಡಿಯೇಷನ್ ಶುರುವಾಗುವ ಮುಂಚೆಯೇ ವೀರ್ಯ, ಅಂಡಾಣುಗಳನ್ನು ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು.