ಲೈವ್ ಕಡಿಯುವ ಜಾಗ

ನೇರಪ್ರಸಾರದ ವಿಡಿಯೊ ನಾಲ್ಕು ಹಂತ ದಾಟಿ ನೋಡುಗರನ್ನು ಮುಟ್ಟುತ್ತದೆ. ಕ್ಯಾಮೆರಾ ಹಿಡಿದ ಚಿತ್ರವನ್ನು ಎನ್‌ಕೋಡರ್ ಕುಗ್ಗಿಸುತ್ತದೆ. ಕುಗ್ಗಿದ ದತ್ತಾಂಶ ಅಪ್‌ಲೋಡ್ ಆಗಿ ದೂರದ ಸರ್ವರ್ ಸೇರುತ್ತದೆ. ಸರ್ವರ್ ಅದನ್ನು ಬೇರೆ ಬೇರೆ ಗುಣಮಟ್ಟದಲ್ಲಿ ಪ್ರತಿ ಮಾಡಿ ಹಂಚುತ್ತದೆ. ಕೊನೆಗೆ ಮೊಬೈಲೋ ಟಿವಿಯೋ ಅದನ್ನು ಬಿಚ್ಚಿ ತೋರಿಸುತ್ತದೆ. ಕೊನೆಯ ಎರಡು ಹಂತಗಳು ಈಗ ತುಂಬ ಗಟ್ಟಿಯಾಗಿವೆ. 2023ರ ನವೆಂಬರ್ 19ರಂದು ನಡೆದ ವಿಶ್ವಕಪ್ ಕ್ರಿಕೆಟ್ ಫೈನಲ್‌ನಲ್ಲಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನ ಏಕಕಾಲದ ವೀಕ್ಷಕರ ಸಂಖ್ಯೆ 5.9 ಕೋಟಿ ಮುಟ್ಟಿತ್ತು. ನೋಡುವವರು ಹೆಚ್ಚಿದಂತೆ ಅವರ ಸಮೀಪದ ಸರ್ವರ್‌ಗಳಲ್ಲಿ ಪ್ರತಿಗಳನ್ನು ಹೆಚ್ಚಿಸುತ್ತ ಹೋಗಬಹುದು. ಮೂಲ ಮಾತ್ರ ಒಂದೇ ಇರುತ್ತದೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರನ್ನೋ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆ ಜಾತ್ರೆಯನ್ನೋ ಬೆಂಗಳೂರಿನಲ್ಲಿ, ದುಬೈನಲ್ಲಿ ಕೂತು ನೋಡುವ ಊರಿನವರು ‘ಲೈವ್ ಕಟ್ ಆಯ್ತು’ ಎಂದರೆ, ಸಾಮಾನ್ಯವಾಗಿ ಕಡಿದಿರುವುದು ವಿಡಿಯೊ ಊರಿನಿಂದ ಹೊರಡುವ ಮೊದಲ ಕೆಲವು ಕಿಲೋಮೀಟರುಗಳಲ್ಲೇ.

ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ ಸುಮಾರು 20 ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ 30 ಚಿತ್ರಗಳಂತೆ ಹಾಗೆಯೇ ಕಳಿಸುವುದಾದರೆ ಪ್ರತಿ ಸೆಕೆಂಡಿಗೂ ಸುಮಾರು 75 ಕೋಟಿ ಬಿಟ್ ಬೇಕು. 2003ರಲ್ಲಿ ರೂಪುಗೊಂಡು ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಎಚ್.264 ವಿಧಾನ ಇದನ್ನು 50 ಲಕ್ಷ ಬಿಟ್‌ಗೆ, ಅಂದರೆ 5 ಎಂಬಿಪಿಎಸ್‌ಗೆ ಇಳಿಸುತ್ತದೆ. ಎರಡು ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ ಕಳಿಸಿ, ನಡುವೆ ಬದಲಾದ ಭಾಗಗಳನ್ನಷ್ಟೇ ಕಳಿಸುವುದು ಅದರ ಉಪಾಯ. ಭಾಷಣಕಾರ ಮೈಕಿನ ಮುಂದೆ ನಿಂತಿದ್ದರೆ ಬದಲಾಗುವುದು ಮುಖವಷ್ಟೇ, ಕೆಲಸ ಸಲೀಸು.

ತೇರು ಎಳೆಯುವ ಗಳಿಗೆ ಹಾಗಲ್ಲ. ತೇರು ಅಲುಗುತ್ತದೆ, ಬಾವುಟಗಳು ಹಾರುತ್ತವೆ, ಬಾಳೆಹಣ್ಣುಗಳು ತೂರಿ ಬರುತ್ತವೆ, ಸಾವಿರಾರು ತಲೆಗಳು ಒಟ್ಟಿಗೆ ಚಲಿಸುತ್ತವೆ. ಚಿತ್ರದ ಮೂಲೆಮೂಲೆಯೂ ಬದಲಾಗುವುದರಿಂದ ಎನ್‌ಕೋಡರಿಗೆ ಕುಗ್ಗಿಸಲು ಹೆಚ್ಚೇನೂ ಉಳಿಯುವುದಿಲ್ಲ. ಕೊಟ್ಟ 5 ಎಂಬಿಪಿಎಸ್‌ನಲ್ಲೇ ಮುಗಿಸಬೇಕಾದಾಗ ಅದು ವಿವರಗಳನ್ನು ಕೈಬಿಡುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅದೇ ಕ್ಷಣದಲ್ಲಿ ನೆರೆದವರೆಲ್ಲ ಮೊಬೈಲ್ ಎತ್ತಿ ತಾವೂ ವಿಡಿಯೊ ಮಾಡಿ ಕಳಿಸತೊಡಗುತ್ತಾರೆ, ಒಂದೇ ಟವರಿನ ಮೇಲೆ ಎಲ್ಲರ ಅಪ್‌ಲೋಡೂ ಬೀಳುತ್ತದೆ. ನೀರಿನಂಶವೇ ಹೆಚ್ಚಿರುವ ಮನುಷ್ಯದೇಹಗಳು ಒತ್ತಾಗಿ ನಿಂತು ರೇಡಿಯೊ ತರಂಗಗಳನ್ನೂ ಹೀರುತ್ತವೆ. ಹೆಚ್ಚು ದತ್ತಾಂಶ ಬೇಕಾದ ಹೊತ್ತು, ದಾರಿ ಅತಿ ಇಕ್ಕಟ್ಟಾಗುವ ಹೊತ್ತು, ಎಲ್ಲರೂ ಕಾಯುತ್ತಿದ್ದ ಹೊತ್ತು ಮೂರೂ ಒಂದೇ ಆಗಿಬಿಡುತ್ತವೆ. ಹಿಂದಿನ ರಾತ್ರಿ ಖಾಲಿ ಬೀದಿಯಲ್ಲಿ ಮಾಡಿದ ಸ್ಪೀಡ್ ಟೆಸ್ಟ್ ನಂಬಲಾಗದ್ದು ಇದಕ್ಕಾಗಿಯೇ.

ಮೊಬೈಲ್ ಜಾಲವನ್ನು ಕಟ್ಟಿರುವುದೇ ನೋಡುವವರಿಗಾಗಿ, ಕಳಿಸುವವರಿಗಾಗಿ ಅಲ್ಲ. ಟವರಿನ ರೇಡಿಯೊ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ; ಫೋನ್ ಉತ್ತರಿಸಬಹುದಾದದ್ದು ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ. ಹಾಗಾಗಿ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಅಪ್‌ಲೋಡ್ ಏದುಸಿರು ಬಿಡುತ್ತಿರಬಹುದು. ಚಂದ್ರಗುತ್ತಿಯಂಥ ಕಡೆ ನೆಲದ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ. ಗುಡಿ ಇರುವುದು ಬಂಡೆಯ ಗುಹೆಯಲ್ಲಿ, ಸುತ್ತ ಗುಡ್ಡ ಮತ್ತು ಕಾಡು. 850 ಮೆಗಾಹರ್ಟ್ಸ್‌ನ ತರಂಗ ಅಡೆತಡೆಗಳನ್ನು ಒಂದಿಷ್ಟು ಬಳಸಿಕೊಂಡು ಬರುತ್ತದೆ. 2,300 ಮೆಗಾಹರ್ಟ್ಸ್‌ನದನ್ನು ಎಲೆಗಳೇ ತಡೆಯುತ್ತವೆ, 5ಜಿಯ 3,500 ಮೆಗಾಹರ್ಟ್ಸ್‌ನದನ್ನು ಇನ್ನೂ ಹೆಚ್ಚು. ಗುಹೆಯೊಳಗಿನ ಪೂಜೆ ತೋರಿಸಬೇಕೆಂದರೆ ಕ್ಯಾಮೆರಾ ಒಳಗಿರಲಿ, ಸಿಮ್ ಇರುವ ರೂಟರ್ ಬಯಲಿನಲ್ಲಿರಲಿ, ನಡುವೆ ಕೇಬಲ್ ಇರಲಿ. ಇದಕ್ಕಿಂತ ಒಳ್ಳೆಯ ಪರಿಹಾರ ಬೇರೆ ಇಲ್ಲ.

ಫೈಬರ್ ಸಂಪರ್ಕ ಸಿಗುವಲ್ಲಿ ಕಷ್ಟ ಬಹಳಷ್ಟು ಕಡಿಮೆ. ಒಂದೇ ಗಾಜಿನ ಎಳೆಯಲ್ಲಿ 1,490 ನ್ಯಾನೊಮೀಟರ್ ಬೆಳಕು ಮನೆಯ ಕಡೆಗೆ ಬರುತ್ತದೆ, 1,310 ನ್ಯಾನೊಮೀಟರ್ ಬೆಳಕು ಮನೆಯಿಂದ ಹೊರಡುತ್ತದೆ; ಜಾತ್ರೆಯ ಜನಸಂದಣಿ ಅದನ್ನು ಮುಟ್ಟುವುದಿಲ್ಲ. ಆದರೆ ಮಲೆನಾಡಿನ ಅಂಚಿನಲ್ಲಿ ಈ ಎಳೆ ಕಂಬದಿಂದ ಕಂಬಕ್ಕೆ ತೂಗಿಕೊಂಡಿರುತ್ತದೆ. ಏಪ್ರಿಲ್‌ನ ಗಾಳಿಮಳೆಗೆ ಕೊಂಬೆ ಮುರಿದು ಬಿದ್ದರೆ ಎಳೆಯೂ ಹೋಗುತ್ತದೆ, ಯಂತ್ರ ತಂದು ಬೆಸೆಯುವವರೆಗೆ ಕಾಯಬೇಕು. ಕರೆಂಟ್ ಹೋದರೆ ಎಳೆಗೇನೂ ಆಗದಿದ್ದರೂ ಗೋಡೆಯ ಮೇಲಿನ ಮೋಡೆಮ್ ಆರುತ್ತದೆ. ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವ ಆ ಪೆಟ್ಟಿಗೆಗೆ ಚಿಕ್ಕ ಬ್ಯಾಟರಿ ಇದ್ದರೆ ಸಾಕು. ಕ್ಯಾಮೆರಾಗೆ ಲಕ್ಷಗಟ್ಟಲೆ ಸುರಿದು ಇದನ್ನು ಮರೆಯುವುದು ದುಃಖದ ಸಂಗತಿ.

ದಾರಿಯಲ್ಲಿ ಕಳೆದುಹೋದ ದತ್ತಾಂಶದ ತುಣುಕನ್ನು ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಬಹುಪಾಲು ಲೈವ್‌ಗಳು ಬಳಸುವ ಆರ್‌ಟಿಎಂಪಿ ವಿಧಾನದಲ್ಲಿ ಒಂದು ತುಣುಕು ತಪ್ಪಿದರೆ ಅದು ಮತ್ತೆ ಬರುವವರೆಗೆ ಹಿಂದಿನದೆಲ್ಲ ಸಾಲಿನಲ್ಲಿ ನಿಲ್ಲುತ್ತದೆ. ಸಾಲು ಬೆಳೆದಾಗ ಎನ್‌ಕೋಡರ್ ಚಿತ್ರಗಳನ್ನೇ ಎಸೆಯತೊಡಗುತ್ತದೆ. 2017ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಎಸ್‌ಆರ್‌ಟಿ ವಿಧಾನ ಬೇರೆ ರೀತಿ ಯೋಚಿಸುತ್ತದೆ: ತಪ್ಪಿದ ತುಣುಕನ್ನು ಮತ್ತೆ ಕೇಳುತ್ತದೆ, ಆದರೆ ಗೊತ್ತುಪಡಿಸಿದ ಅವಧಿಯೊಳಗೆ ಬರದಿದ್ದರೆ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಎರಡು ಬೇರೆ ಕಂಪನಿಗಳ ಸಿಮ್‌ಗಳಲ್ಲಿ ವಿಡಿಯೊವನ್ನು ಹಂಚಿ ಕಳಿಸಿ, ಆಚೆ ಬದಿಯಲ್ಲಿ ಜೋಡಿಸುವ ಪೆಟ್ಟಿಗೆಗಳೂ ಇವೆ. ಧ್ವನಿಗೆ 128 ಕೆಬಿಪಿಎಸ್ ಸಾಕು. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಂತ್ರವೋ ಭಾಗವತರ ಪದವೋ ತುಂಡಾದರೆ ಎದ್ದು ಹೋಗುತ್ತಾರೆ. ಹಾಗಾಗಿ ಇಕ್ಕಟ್ಟಾದಾಗ ಮೊದಲು ಕಾಪಾಡಬೇಕಾದದ್ದು ಧ್ವನಿ.

ನೋಡುಗರ ಬದಿಯಲ್ಲಿ ಇರುವ ರಕ್ಷಣೆ ಬಫರ್. ಕೆರೆ ತುಂಬಿದ್ದರೆ ಮಳೆ ಕೆಲ ದಿನ ನಿಂತರೂ ಕಾಲುವೆ ಹರಿಯುವಂತೆ, ಹತ್ತಿಪ್ಪತ್ತು ಸೆಕೆಂಡಿನ ವಿಡಿಯೊ ಮುಂಚಿತವಾಗಿ ಸಂಗ್ರಹವಾಗಿದ್ದರೆ ಸಣ್ಣಪುಟ್ಟ ಕಡಿತಗಳು ಕಾಣಿಸುವುದೇ ಇಲ್ಲ. ಯೂಟ್ಯೂಬ್ ಲೈವ್ ಸಾಮಾನ್ಯವಾಗಿ ಅಷ್ಟು ತಡವಾಗಿ ಬರುವುದು ಈ ಕಾರಣಕ್ಕೇ. ಸುಮ್ಮನೆ ನೋಡುವವರಿಗೆ ಈ ತಡ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ವರ್ಚುವಲ್ ಲೋಕದಲ್ಲಿ ಮಾತ್ರ ಅದೇ ತಡ ದೊಡ್ಡ ಸಮಸ್ಯೆ. 2022ರ ಫೆಬ್ರವರಿಯಲ್ಲಿ ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮದುವೆಯಾದ ಜೋಡಿ ಆರತಕ್ಷತೆಯನ್ನು ಮೆಟಾವರ್ಸ್‌ನಲ್ಲಿ ಇಟ್ಟುಕೊಂಡಿತ್ತು. ವಧುವಿನ ತೀರಿಕೊಂಡಿದ್ದ ತಂದೆಯ ಡಿಜಿಟಲ್ ಅವತಾರವೂ ಅಲ್ಲಿತ್ತು. ಇಂಥ ಲೋಕಗಳಲ್ಲಿ ಅತಿಥಿಗಳ ಅವತಾರಗಳ ಚಲನೆ ಸೆಕೆಂಡಿನ ಭಾಗವೊಂದರಲ್ಲಿ ಎಲ್ಲರಿಗೂ ತಲುಪುತ್ತದೆ, ಏಕೆಂದರೆ ಹೋಗಬೇಕಾದ್ದು ಸ್ಥಾನ ಸೂಚಿಸುವ ಕೆಲವೇ ಅಂಕಿಗಳು. ಅಲ್ಲಿನ ಪರದೆಯ ಮೇಲೆ ಓಡುವ ವಿಡಿಯೊ ಬೇರೆ ದಾರಿಯಲ್ಲಿ ಬರುತ್ತದೆ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್‌ನಲ್ಲಿ ಲೋಕವನ್ನು ನಡೆಸುವ ಸರ್ವರ್ ವಿಡಿಯೊ ಸಿಗುವ ವಿಳಾಸವನ್ನಷ್ಟೇ ಹೇಳುತ್ತದೆ. ಪ್ರತಿಯೊಬ್ಬರ ಕಂಪ್ಯೂಟರೂ ವಿಡಿಯೊವನ್ನು ತಾನೇ ತಂದುಕೊಳ್ಳಬೇಕು. ತೇರನ್ನು ಹೀಗೆ ತೋರಿಸಿದರೆ, ಪಕ್ಕಪಕ್ಕದಲ್ಲಿ ನಿಂತ ಎರಡು ಅವತಾರಗಳಲ್ಲಿ ಒಂದು ಕೈ ಮುಗಿಯುವಾಗ ಇನ್ನೊಂದರ ಪರದೆಯಲ್ಲಿ ತೇರು ಇನ್ನೂ ಅಲುಗಿರುವುದಿಲ್ಲ.

ವೆಬ್‌ಆರ್‌ಟಿಸಿ ವಿಧಾನ ತಡವನ್ನು ಅರ್ಧ ಸೆಕೆಂಡಿಗೂ ಕಡಿಮೆಗೆ ಇಳಿಸಬಲ್ಲದು, ಆದರೆ ಆಗ ಬಫರೂ ಅಷ್ಟೇ ಚಿಕ್ಕದಾಗುತ್ತದೆ. ಹಳ್ಳಿಯ ಟವರಿನ ಏರಿಳಿತವೆಲ್ಲ ನೇರ ಪರದೆಗೆ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಆಟದೊಳಗೆ ನಡೆದ ಟ್ರಾವಿಸ್ ಸ್ಕಾಟ್ ಸಂಗೀತ ಕಾರ್ಯಕ್ರಮ ಈ ತೊಡಕಿನಿಂದ ಪಾರಾದದ್ದು ವಿಡಿಯೊವನ್ನೇ ಕಳಿಸದೆ. ಚಿತ್ರಗಳೆಲ್ಲ ಮುಂಚೆಯೇ ಆಟದ ಜೊತೆ ಇಳಿದಿದ್ದವು, ಆ ಹೊತ್ತಿನಲ್ಲಿ ಆಟದ ಎಂಜಿನ್ನೇ ಅವನ್ನು ಬಿಡಿಸುತ್ತಿತ್ತು. 1.2 ಕೋಟಿಗೂ ಹೆಚ್ಚು ಮಂದಿ ಏಕಕಾಲಕ್ಕೆ ಅಲ್ಲಿದ್ದರು, ಆದರೆ ಸಣ್ಣ ಸಣ್ಣ ಗುಂಪುಗಳಾಗಿ, ಒಂದೇ ಲೋಕದ ಬೇರೆ ಬೇರೆ ಪ್ರತಿಗಳಲ್ಲಿ.

ನಿಜವಾದ ತೇರನ್ನು ಹಾಗೆ ಮುಂಚಿತವಾಗಿ ಕಳಿಸಲಾಗದು. ಅದಕ್ಕಿರುವ ದಾರಿ, ವಿಡಿಯೊದ ಪ್ರತಿ ತುಂಡಿನ ಮೇಲೂ ಚಿತ್ರೀಕರಣದ ಗಳಿಗೆಯನ್ನು ನಮೂದಿಸುವುದು. ಆ ಗುರುತು ನೋಡಿಕೊಂಡು ಮುಂದಿರುವ ಪರದೆಗಳು ಹಿಂದಿರುವ ಪರದೆಗಾಗಿ ನಿಲ್ಲುತ್ತವೆ. ಎಲ್ಲರಿಗೂ, ಉದಾಹರಣೆಗೆ, ಸರಿಯಾಗಿ 15 ಸೆಕೆಂಡು ತಡವಾಗಿ, ಆದರೆ ಒಟ್ಟಿಗೇ ತೇರು ಹೊರಡುತ್ತದೆ. ಅವತಾರಗಳು ಒಟ್ಟಿಗೇ ಕೈ ಮುಗಿಯುತ್ತವೆ. ಯಾರೊಬ್ಬರ ಸಂಪರ್ಕ 15 ಸೆಕೆಂಡಿಗಿಂತ ಹಿಂದೆ ಬಿದ್ದರೆ ಅವರಿಗೆ ಕಡಿಮೆ ಗುಣಮಟ್ಟದ ಪ್ರತಿಯನ್ನು ಕಳಿಸಿ ಗುಂಪಿಗೆ ಸೇರಿಸಿಕೊಳ್ಳಲಾಗುತ್ತದೆ.